ಲಸಿಕೆ ಸಮಿತಿಯ ಮತವನ್ನು ನಾನು ಓದುವ ರೀತಿ

ಅಮೆರಿಕದ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಲಸಿಕೆಗಳ ಉಸ್ತುವಾರಿ ನನ್ನದು. ಆರ್ಡರ್ ಹಾಕುವುದು, ಎಕ್ಸ್‌ಪೈರಿ ನೋಡುವುದು, ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇದೆಯಾ ಅಂತ ಬರೆದಿಡುವುದು. ನಮ್ಮ ಫ್ರಿಜ್‌ನಲ್ಲಿ ಒಂದೇ ಲಸಿಕೆ ಎರಡು ಬುಟ್ಟಿಗಳಲ್ಲಿ ಇರುತ್ತದೆ. ಒಂದು ಕ್ಲಿನಿಕ್ ದುಡ್ಡು ಕೊಟ್ಟು ತಂದದ್ದು. ಇನ್ನೊಂದು ವಿಎಫ್‌ಸಿ, ಅಂದರೆ 'ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್' ಯೋಜನೆಯಲ್ಲಿ ಸರ್ಕಾರ ಕಳಿಸಿದ್ದು. ಅದೇ ಕಂಪನಿ, ಅದೇ ಸೀಸೆ. ಆದರೂ ಬುಟ್ಟಿ ತಪ್ಪುವಂತಿಲ್ಲ. ಮಗು ಮೆಡಿಕೈಡ್‌ನಲ್ಲಿದ್ದರೆ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ವಿಮೆ) ಅಥವಾ ವಿಮೆಯೇ ಇಲ್ಲದಿದ್ದರೆ ವಿಎಫ್‌ಸಿ ಬುಟ್ಟಿ. ಖಾಸಗಿ ವಿಮೆ ಇದ್ದರೆ ಇನ್ನೊಂದು.

ಎರಡೂ ಬುಟ್ಟಿಗಳ ಮೇಲೆ, ಯಾರಿಗೆ ಯಾವ ಲಸಿಕೆ ಕೊಡಬೇಕು ಅಂತ ಶಿಫಾರಸು ಮಾಡುವ ಎಸಿಐಪಿ ಎಂಬ ಸಮಿತಿಯ ಮಾತು ನಡೆಯುತ್ತದೆ. ಶುರುವಾದದ್ದು 1964ರಲ್ಲಿ. ಹೆಸರಿಗೆ ಸಲಹಾ ಸಮಿತಿ. ಇವರ ಶಿಫಾರಸನ್ನು ಸಿಡಿಸಿ, ಅಂದರೆ ದೇಶದ ರೋಗ ನಿಯಂತ್ರಣ ಸಂಸ್ಥೆಯ ನಿರ್ದೇಶಕರು ಒಪ್ಪಬಹುದು, ಬಿಡಬಹುದು. ಸಲಹೆ ತಾನೇ, ಅದಕ್ಕ್ಯಾಕೆ ಇಷ್ಟು ತಲೆಬಿಸಿ ಅಂತ ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಈ ಸಲಹೆಗೆ ಲಸಿಕೆಯ ದುಡ್ಡನ್ನು ಕಾನೂನೇ ಕಟ್ಟಿಹಾಕಿದೆ, ಅದಕ್ಕೆ.

1989ರಿಂದ 1991ರವರೆಗೆ ಇಲ್ಲಿ ದಡಾರ ಜೋರಾಗಿ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತರು. ಲಸಿಕೆ ಸಿಗದ ಮಕ್ಕಳಿಗೇ ಪೆಟ್ಟು ಜಾಸ್ತಿ ಬಿತ್ತು. ಆಮೇಲೆ 1993ರ ಕಾನೂನು ವಿಎಫ್‌ಸಿಯನ್ನು ತಂದಿತು. ಯಾವ ಲಸಿಕೆ ಉಚಿತ ಎಂಬ ಪಟ್ಟಿಯನ್ನು ಎಸಿಐಪಿಯೇ ಮಾಡಬೇಕು ಅಂತ ಹೆಸರು ಹಿಡಿದೇ ಬರೆಯಿತು. 2010ರ ಆರೋಗ್ಯ ವಿಮೆಯ ಕಾನೂನು, ಅಫೋರ್ಡಬಲ್ ಕೇರ್ ಆಕ್ಟ್, ಬಂದಮೇಲೆ ಹೆಚ್ಚಿನ ಖಾಸಗಿ ವಿಮೆಗಳೂ ಈ ಸಮಿತಿ ಶಿಫಾರಸು ಮಾಡಿದ ಲಸಿಕೆಗಳ ಪೂರ್ತಿ ಖರ್ಚು ಕೊಡಬೇಕಾಯಿತು. ಅದರಲ್ಲೂ ಒಂದು ಸಂದು ಇದೆ. ಹೊಸ ಶಿಫಾರಸಿಗೆ ವಿಮೆಯವರು ಒಂದು ವರ್ಷದವರೆಗೆ ಕಾಯಬಹುದು. ಬಿಲ್ಲು ವಾಪಸ್ ಬಂದಾಗ ನಾನು ಮೊದಲು ನೋಡುವುದು ಶಿಫಾರಸಿನ ತಾರೀಖನ್ನೇ.

ಸಭೆಗಳನ್ನು ಹಿಂಬಾಲಿಸುವ ರೂಢಿ ಹೀಗೇ ಆಯಿತು. 1972ರ ಸಲಹಾ ಸಮಿತಿಗಳ ಕಾನೂನಿನಿಂದಾಗಿ ಸಭೆಯ ಸೂಚನೆ ಮೊದಲೇ ಸರ್ಕಾರಿ ಗೆಜೆಟ್ಟಾದ ಫೆಡರಲ್ ರಿಜಿಸ್ಟರ್‌ನಲ್ಲಿ ಬರುತ್ತದೆ. ಯಾರು ಬೇಕಾದರೂ ಸಭೆ ನೋಡಬಹುದು. ನಾನು ಇಡೀ ದಿನ ಕೂರುವುದಿಲ್ಲ, ಯಾರಿಗಿದೆ ಅಷ್ಟು ಪುರುಸೊತ್ತು? ಕಾರ್ಯಸೂಚಿಯಲ್ಲಿ ಮತದಾನ ಎಲ್ಲಿದೆ, ಉಚಿತ ಪಟ್ಟಿಗೆ ಹಾಕುವ ವಿಎಫ್‌ಸಿ ಮತ ಬೇರೆ ಇದೆಯಾ ಅಂತ ಗುರುತು ಮಾಡಿಕೊಳ್ಳುತ್ತೇನೆ. ಆ ಹೊತ್ತಿಗೆ ಕಿವಿಗೆ ಇಯರ್‌ಫೋನ್. ಪರದೆ ಮೇಲೆ ಬರುವ ವಾಕ್ಯವನ್ನು ಹಾಗೆಹಾಗೇ ಬರೆದುಕೊಳ್ಳುತ್ತೇನೆ. 'ಎಲ್ಲರಿಗೂ ಕೊಡಬೇಕು' ಅಂತ ಇದ್ದರೆ ನರ್ಸ್ ನೇರವಾಗಿ ಚುಚ್ಚುಮದ್ದು ಕೊಡಬಹುದು. 'ವೈದ್ಯರು, ಕುಟುಂಬ ಮಾತಾಡಿ ತೀರ್ಮಾನಿಸಲಿ' ಅಂತ ಇದ್ದರೆ ವಿಮೆ ಉಳಿಯುತ್ತದೆ, ಆದರೆ ನಮ್ಮ ಡಾಕ್ಟರ್ ಪ್ರತಿ ಮನೆಯವರ ಜೊತೆಗೂ ಕೂತು ಮಾತಾಡಬೇಕು.

ಇದೆಲ್ಲ ಅತಿಯಾಯಿತು ಅನಿಸಿದರೆ 2025ರ ಸೆಪ್ಟೆಂಬರ್ ಸಭೆ ನೋಡಿ. ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್ ನಾಲ್ಕಕ್ಕೂ ಸೇರಿಸಿ ಕೊಡುವ ಚುಚ್ಚುಮದ್ದಿನ ಚರ್ಚೆ ಅದು. ಚಿಕ್ಕ ಮಕ್ಕಳಿಗೆ ಮೊದಲ ಡೋಸ್ ಹೀಗೆ ಕೊಟ್ಟರೆ, ಚಿಕನ್‌ಪಾಕ್ಸ್ ಲಸಿಕೆಯನ್ನು ಬೇರೆಯಾಗಿ ಕೊಟ್ಟಿದ್ದಕ್ಕಿಂತ ಜ್ವರದ ಫಿಟ್ಸ್ ಸ್ವಲ್ಪ ಜಾಸ್ತಿ ಅನ್ನುವುದು ಮೊದಲೇ ಗೊತ್ತಿತ್ತು. ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ ಸಮಿತಿ ಮತ ಹಾಕಿತು. ಬೆನ್ನಿಗೇ ವಿಎಫ್‌ಸಿ ಮತ. ಅದರಲ್ಲಿ ಹಳೆಯ ವ್ಯವಸ್ಥೆಯೇ ಇರಲಿ ಅಂತ ಆಯಿತು! ಅಂದರೆ ಒಂದು ಬುಟ್ಟಿಗೆ ಬೇಡ, ಇನ್ನೊಂದಕ್ಕೆ ಇರಲಿ. ಯಾವುದಕ್ಕೆ ಮತ ಹಾಕುತ್ತಿದ್ದೇವೆ ಅನ್ನುವುದೇ ಕೆಲವು ಸದಸ್ಯರಿಗೆ ಗೊಂದಲ. ಮಾರನೆ ದಿನ ಮತ್ತೆ ಮತ ಹಾಕಿ ಎರಡನ್ನೂ ಹೊಂದಿಸಿದರು. ಆವತ್ತು ಸಂಜೆ ನಾನು ಯಾವ ಆರ್ಡರನ್ನೂ ಮುಟ್ಟಲಿಲ್ಲ. ಈಗಲೂ ಅಷ್ಟೆ, ನಿರ್ದೇಶಕರ ಸಹಿ ಬೀಳುವತನಕ ಏನನ್ನೂ ಬದಲಿಸುವುದಿಲ್ಲ.

ನನಗೆ ಕಾನೂನಿನಲ್ಲಿ ಕಾಣುವ ತೂತು ಬೇರೆ. 1993ರ ಕಾನೂನು ಸಮಿತಿಯ ಹೆಸರು ಹೇಳುತ್ತದೆ, ಆದರೆ ಅದರಲ್ಲಿ ಯಾರು ಕೂರಬೇಕು ಅಂತ ಹೇಳುವುದಿಲ್ಲ. ಅದು ಇರುವುದು ಎರಡು ವರ್ಷಕ್ಕೊಮ್ಮೆ ನವೀಕರಿಸುವ ಚಾರ್ಟರ್‌ನಲ್ಲಿ, ಅಂದರೆ ಸಮಿತಿಯ ನಿಯಮಾವಳಿಯಲ್ಲಿ. ನೇಮಕ ಆರೋಗ್ಯ ಕಾರ್ಯದರ್ಶಿಯ (ನಮ್ಮಲ್ಲಿನ ಆರೋಗ್ಯ ಮಂತ್ರಿಯ ಹಾಗೆ) ಕೈಯಲ್ಲಿ. 2025ರ ಜೂನ್‌ನಲ್ಲಿ ಕಾರ್ಯದರ್ಶಿ ರಾಬರ್ಟ್ ಎಫ್. ಕೆನಡಿ ಜೂನಿಯರ್ 17 ಸದಸ್ಯರನ್ನೂ ಒಟ್ಟಿಗೇ ತೆಗೆದರು. ಕೆಲವೇ ದಿನಗಳಲ್ಲಿ 8 ಹೊಸಬರ ಹೆಸರು ಬಂತು. ಆಮೇಲೆ ಸಮಿತಿಯ ರಚನೆಯನ್ನು ಕಾನೂನಿನಲ್ಲೇ ಬರೆದಿಡಬೇಕೆಂಬ ಮಸೂದೆಗಳು ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಬಂದವು.

ನಾನು ನಮ್ಮ ಸಂಸದರಿಗೆ ಪತ್ರ ಬರೆದೆ. ಸಮಿತಿಯ ಡಾಕೆಟ್‌ಗೂ, ಅಂದರೆ ಸಾರ್ವಜನಿಕರ ಅಭಿಪ್ರಾಯ ಸೇರಿಸುವ ಕಡತಕ್ಕೂ, ಹಾಕಿದೆ. ಲಸಿಕೆ ಒಳ್ಳೆಯದು ಅಂತ ಪುಟ ತುಂಬಿಸಲಿಲ್ಲ, ಅದನ್ನು ಸಾವಿರ ಜನ ಬರೆಯುತ್ತಾರೆ. ಎರಡು ಬುಟ್ಟಿಯ ಪಾಡು ವಿವರಿಸಿ ಮೂರು ವಿಷಯ ಕೇಳಿದೆ. ಸದಸ್ಯರಿಗೆ ನಿಗದಿತ ಅವಧಿ ಇರಲಿ, ತೆಗೆಯಬೇಕಾದರೆ ಕಾರಣ ಬರೆದು ಕೊಡಲಿ. ಪುರಾವೆಯ ವಿಮರ್ಶೆ ಮತಕ್ಕೆ ಮುಂಚೆ ಹೊರಬರಲಿ. ವಿಎಫ್‌ಸಿ ಮತದ ಪಠ್ಯ ಮುಖ್ಯ ಮತದ ಜೊತೆಗೇ ಕಾಣಲಿ. ಲಸಿಕೆಗಳ ಹೆಸರನ್ನೇ ಕಾನೂನಿನಲ್ಲಿ ಬರೆಯಿರಿ ಅನ್ನುವವರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹೊಸ ಪುರಾವೆ ಬಂದಾಗಲೆಲ್ಲ ಕಾಂಗ್ರೆಸ್ ಮುಂದೆ ಕೈಕಟ್ಟಿ ನಿಲ್ಲಲು ಆಗುತ್ತದಾ?

ನೀವೂ ಬರೆಯುವುದಾದರೆ ಡಾಕೆಟ್ ನಂಬರ್ ಹಾಕಿ, ಕೊನೆಯ ದಿನ ನೋಡಿಕೊಳ್ಳಿ. ರೋಗಿಯ ಗುರುತು ಸಿಗುವ ಯಾವುದನ್ನೂ ಸೇರಿಸಬೇಡಿ. ಅಲ್ಲಿ ಹಾಕಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ.