ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಪ್ಯಾಚ್ ಕಳಿಸುವುದು ಹೇಗೆ?

ಸಿಎಸ್‌ವಿ ಫೈಲ್‌ಗಳನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಗಳನ್ನು) ಓದಿ ಸರಿಪಡಿಸುವ ಒಂದು ಪುಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಅದನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ದಿನದ ಕೆಲಸ ಮುಗಿದ ಮೇಲೆ ರಾತ್ರಿ ಒಂದು ಗಂಟೆ ಸಿಕ್ಕರೆ ಅದೇ ಹೆಚ್ಚು. ಒಮ್ಮೆ ಒಬ್ಬರು ಪ್ಯಾಚ್, ಅಂದರೆ ಕೋಡಿಗೆ ಮಾಡಿದ ತಿದ್ದುಪಡಿ, ಕಳಿಸಿದರು. 41 ಫೈಲ್‌ಗಳು ಬದಲಾಗಿದ್ದವು. ಅದರೊಳಗೆ ಎಲ್ಲೋ ಒಂದು ಕಡೆ ಹಳೆಯ ಬಗ್ ಒಂದಕ್ಕೆ ಸರಿಯಾದ ಮದ್ದು ಇತ್ತು. ಮೂರೇ ಸಾಲು. ಅದನ್ನು ಹುಡುಕಿ ತೆಗೆಯಲು ನನಗೆ ಎರಡು ರಾತ್ರಿ ಹಿಡಿಯಿತು. ನಾನು ಉತ್ತರ ಬರೆಯುವಷ್ಟರಲ್ಲಿ ಅವರು ಬೇಸತ್ತು ಪುಲ್ ರಿಕ್ವೆಸ್ಟ್ (ಈ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮುಚ್ಚಿ ಹೋಗಿಬಿಟ್ಟಿದ್ದರು. ಆ ಮೂರು ಸಾಲನ್ನು ನಾನೇ ಬಿಡಿಸಿ ಅವರ ಹೆಸರಿನಲ್ಲೇ ಕಮಿಟ್ ಮಾಡಿದೆ, ಅಂದರೆ ಪ್ರಾಜೆಕ್ಟ್‌ನ ಇತಿಹಾಸದಲ್ಲಿ ದಾಖಲಿಸಿದೆ. ಅವರು ಮಾತ್ರ ಮತ್ತೆ ಬರಲಿಲ್ಲ.

ಇಂಥದ್ದು ಆಮೇಲೂ ಎಷ್ಟೋ ಸಲ ನಡೆದಿದೆ. ಎಡವುವವರೆಲ್ಲ ಚೆನ್ನಾಗಿ ಕೋಡ್ ಬರೆಯುವವರೇ. ದೊಡ್ಡ ಪ್ರಾಜೆಕ್ಟ್‌ನಲ್ಲಿ ನಿಮ್ಮ ಕೋಡ್ ಓದಲು ಒಂದು ತಂಡವೇ ಇರುತ್ತದೆ. ಸಣ್ಣದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಆ ಒಬ್ಬರ ಸಮಯ ಉಳಿಸುವುದೇ ಇಲ್ಲಿ ಕಲಿಯಬೇಕಾದ ಕೆಲಸ.

1. ಪ್ರಾಜೆಕ್ಟ್ ಆರಿಸಿ

ನೀವೇ ಬಳಸುವ ಸಾಫ್ಟ್‌ವೇರ್ ಆರಿಸಿ. ಎಷ್ಟು ಸ್ಟಾರ್ ಬಂದಿದೆ ಅಂತ ನೋಡಬೇಡಿ. ಹೊರಗಿನವರು ಕಳಿಸಿದ ಪುಲ್ ರಿಕ್ವೆಸ್ಟ್ ಕೊನೆಯ ಸಲ ಯಾವಾಗ ಮರ್ಜ್ ಆಗಿದೆ (ಪ್ರಾಜೆಕ್ಟ್‌ಗೆ ಸೇರಿದೆ) ಅಂತ ನೋಡಿ. ಒಂದು ವರ್ಷದಿಂದ ಒಂದೂ ಆಗಿಲ್ಲದಿದ್ದರೆ ಮೊದಲು ಒಂದು ಇಶ್ಯೂ (ತೊಂದರೆ, ಪ್ರಶ್ನೆ ಹೇಳುವ ಬರಹ) ತೆರೆದು, ಪ್ಯಾಚ್ ತೆಗೆದುಕೊಳ್ಳುತ್ತೀರಾ ಅಂತ ಕೇಳಿ.

ಲೈಸೆನ್ಸ್ ಫೈಲ್ ಇದೆಯೋ ಇಲ್ಲವೋ ತಪ್ಪದೇ ನೋಡಿ. ಕೋಡ್ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದ್ದೇ. ನೀವು ಎಲ್ಲಾದರೂ ಉದ್ಯೋಗದಲ್ಲಿದ್ದರೆ ನಿಮ್ಮ ಒಪ್ಪಂದವನ್ನೂ ಒಮ್ಮೆ ಓದಿ. ಬಿಡುವಿನಲ್ಲಿ ಬರೆದ ಕೋಡ್ ಕೂಡ ಕಂಪನಿಯದ್ದು ಅನ್ನುವ ಷರತ್ತು ಕೆಲವು ಒಪ್ಪಂದಗಳಲ್ಲಿ ಇರುತ್ತದೆ.

2. ಏನನ್ನೂ ಮುಟ್ಟುವ ಮೊದಲು ಟೆಸ್ಟ್ ಓಡಿಸಿ

ಕೋಡ್ ಇಳಿಸಿಕೊಂಡು ಬಿಲ್ಡ್ ಮಾಡಿ, ಇರುವ ಟೆಸ್ಟ್‌ಗಳನ್ನೆಲ್ಲ ಓಡಿಸಿ. ಎಷ್ಟು ಪಾಸ್, ಎಷ್ಟು ಫೇಲ್ ಅಂತ ಬರೆದಿಟ್ಟುಕೊಳ್ಳಿ. ಮೊದಲೇ ಫೇಲ್ ಆಗುತ್ತಿದ್ದ ಟೆಸ್ಟ್ ನಿಮ್ಮಿಂದ ಕೆಟ್ಟಿತೆಂದು ಆಮೇಲೆ ಒದ್ದಾಡುವುದು ತಪ್ಪುತ್ತದೆ.

ಸಣ್ಣ ಪ್ರಾಜೆಕ್ಟ್‌ಗಳಲ್ಲಿ ರೀಡ್‌ಮಿ (ಬಳಸುವ ವಿಧಾನ ಬರೆದಿಡುವ ಫೈಲ್) ಹಳೆಯದಾಗಿರುವುದು ಜಾಸ್ತಿ. ಅದರಲ್ಲಿ ಇದ್ದ ಹಾಗೆ ಮಾಡಿದರೂ ಎಲ್ಲೋ ಸಿಕ್ಕಿಕೊಳ್ಳುತ್ತೀರಿ. ಸಿಕ್ಕಿಕೊಂಡ ಜಾಗವನ್ನೆಲ್ಲ ಗುರುತು ಹಾಕಿಕೊಳ್ಳಿ. ನಿಮ್ಮ ಮೊದಲ ಪ್ಯಾಚ್ ಅದೇ ಆಗಲಿ ಅನ್ನುತ್ತೇನೆ. ವರ್ಷಗಟ್ಟಲೆ ಒಳಗೇ ಇರುವ ನನ್ನಂಥವರಿಗೆ ಹೊಸಬರು ಎಲ್ಲಿ ಮುಗ್ಗರಿಸುತ್ತಾರೆ ಅಂತ ಕಾಣುವುದೇ ಇಲ್ಲ.

3. ಬರೆಯುವ ಮೊದಲು ಕೇಳಿ

ಎರಡು ಮೂರು ಸಾಲಿನ ಬಗ್ ಆದರೆ ನೇರವಾಗಿ ಪ್ಯಾಚ್ ಕಳಿಸಿ. ಹೊಸ ಫೀಚರ್ ಆದರೆ ಒಂದು ಸಾಲು ಕೋಡ್ ಬರೆಯುವ ಮೊದಲೇ ಇಶ್ಯೂ ತೆರೆಯಿರಿ. ಕೋಡ್ ಕೊಟ್ಟವರು ನಾಳೆ ಬೇರೆ ಕೆಲಸಕ್ಕೆ ಹೋಗುತ್ತಾರೆ. ತೆಗೆದುಕೊಂಡವರು ಅದನ್ನು ಐದು ವರ್ಷ ಸಾಕಬೇಕು. ಅದಕ್ಕೇ ಒಳ್ಳೆಯ ಫೀಚರ್‌ಗೂ ಬೇಡ ಅನ್ನುವುದು. ಒಂದು ವಾರ ಕೂತು ಬರೆದ ಮೇಲೆ ಬೇಡ ಅನ್ನಿಸಿಕೊಂಡರೆ ಇಬ್ಬರಿಗೂ ನೋವು, ಅಲ್ವಾ?

ಇಶ್ಯೂನಲ್ಲಿ ಇಷ್ಟಿರಲಿ: ಯಾವ ವರ್ಷನ್, ಯಾವ ಆಪರೇಟಿಂಗ್ ಸಿಸ್ಟಮ್, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು. ಎರರ್ ಸಂದೇಶದ ಫೋಟೊ ಹಾಕಬೇಡಿ, ಅಕ್ಷರಗಳನ್ನೇ ಕಾಪಿ ಮಾಡಿ ಹಾಕಿ. ಫೋಟೊದೊಳಗಿನ ಅಕ್ಷರವನ್ನು ಹುಡುಕಲು ಆಗುವುದಿಲ್ಲ.

4. ಬ್ರಾಂಚ್ ಮಾಡಿ

ಫೋರ್ಕ್ (ನಿಮ್ಮ ಖಾತೆಯಲ್ಲಿ ಒಂದು ಪ್ರತಿ), ಕ್ಲೋನ್ (ಅದನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸುವುದು), ಹೊಸ ಬ್ರಾಂಚ್ (ನಿಮ್ಮ ಕೆಲಸಕ್ಕೆ ಬೇರೆಯೇ ಒಂದು ಕವಲು). ಮೇನ್ ಬ್ರಾಂಚಿನಲ್ಲೇ ಕೆಲಸ ಶುರು ಮಾಡಬೇಡಿ.

5. ಡಿಫ್ ಸಣ್ಣದಾಗಿ ಇಡಿ

ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಆ 41 ಫೈಲ್‌ಗಳ ಕಥೆಯೂ ಇದೇ.

ಡಿಫ್ ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ. ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಓದುವುದು ಅದನ್ನೇ. ನೀವು ಬೇಕೆಂದು ಬದಲಿಸಿದ ಸಾಲು ಬಿಟ್ಟು ಬೇರೆ ಯಾವುದೂ ಅದರಲ್ಲಿ ಕಾಣಬಾರದು.

ಮೊದಲ ಅಪರಾಧಿ ನಿಮ್ಮ ಎಡಿಟರ್. ಸೇವ್ ಮಾಡಿದ ಕೂಡಲೇ ಇಡೀ ಫೈಲನ್ನು ತನ್ನ ರೀತಿಗೆ ಜೋಡಿಸಿಬಿಡುವ ವ್ಯವಸ್ಥೆ ಹಲವು ಎಡಿಟರ್‌ಗಳಲ್ಲಿದೆ. ಬೇರೆಯವರ ಪ್ರಾಜೆಕ್ಟ್ ತೆರೆಯುವಾಗ ಅದನ್ನು ಆಫ್ ಮಾಡಿಡಿ. ಪ್ರಾಜೆಕ್ಟ್‌ನವರೇ ಒಂದು ಫಾರ್ಮ್ಯಾಟರ್ ಇಟ್ಟಿದ್ದರೆ ಅದನ್ನೇ, ಅವರ ಸೆಟ್ಟಿಂಗ್ಸ್‌ನಲ್ಲೇ ಓಡಿಸಿ. ಟ್ಯಾಬ್ ಒಳ್ಳೆಯದೋ ಸ್ಪೇಸ್ ಒಳ್ಳೆಯದೋ ಅನ್ನುವ ಅಭಿಪ್ರಾಯವನ್ನು ನಿಮ್ಮ ಸ್ವಂತ ಕೋಡಿಗೆ ಇಟ್ಟುಕೊಳ್ಳಿ.

ಎರಡನೆಯದು ಸಾಲಿನ ಕೊನೆ. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಇರುತ್ತವೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒಂದೇ. ಇದು ಅದಲುಬದಲಾದರೆ ನೀವು ಮುಟ್ಟದ ಸಾವಿರ ಸಾಲುಗಳೂ ಬದಲಾದಂತೆ ಕಾಣುತ್ತವೆ. ಡಿಫ್‌ನಲ್ಲಿ ಇಡೀ ಫೈಲ್ ಕೆಂಪು, ಇಡೀ ಫೈಲ್ ಹಸಿರು ಅಂತ ಬಂದರೆ ಕಾರಣ ಸಾಮಾನ್ಯವಾಗಿ ಇದೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಸಾಫ್ಟ್‌ವೇರ್‌ನ 'ಆಟೋಸಿಆರ್‌ಎಲ್‌ಎಫ್' ಸೆಟ್ಟಿಂಗ್ ನೋಡಿ.

ಕಮಿಟ್ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಸೇರಿಸಬೇಡಿ. 'ಗಿಟ್ ಆಡ್' ಕಮಾಂಡಿಗೆ 'ಪ್ಯಾಚ್' ಅನ್ನುವ ಆಯ್ಕೆ ಇದೆ. ಅದು ಒಂದೊಂದೇ ತುಂಡು ತೋರಿಸಿ, ಇದು ಬೇಕಾ ಬೇಡವಾ ಅಂತ ಕೇಳುತ್ತದೆ. ನಾನು ಪ್ರತಿ ಸಲವೂ ಹೀಗೇ ಮಾಡುವುದು. ಮರೆತು ಬಿಟ್ಟ ಪ್ರಿಂಟ್ ಸಾಲು, ಪಾಸ್‌ವರ್ಡ್ ಇರುವ ಸಾಲು ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಒಂದೇ ಬಟನ್ ಒತ್ತಿದರೆ ಎಲ್ಲವನ್ನೂ ಕಮಿಟ್ ಮಾಡಿ ಕಳಿಸಿಬಿಡುವ ಆ್ಯಪ್‌ಗಳಿವೆ. ಕಲಿಯುವವರಿಗೆ ಅವು ಖಂಡಿತ ಬೇಡ.

ಒಂದು ಕಮಿಟ್‌ಗೆ ಒಂದೇ ಕೆಲಸ. ಫಂಕ್ಷನ್ ಹೆಸರು ಬದಲಿಸುವುದು ಒಂದು ಕಮಿಟ್, ಅದರ ಕೆಲಸ ಬದಲಿಸುವುದು ಇನ್ನೊಂದು. ಎರಡೂ ಬೆರೆತರೆ ಹೆಸರಿನ ಬದಲಾವಣೆಗಳ ರಾಶಿಯಲ್ಲಿ ಅಸಲಿ ಬದಲಾವಣೆ ಮುಚ್ಚಿಹೋಗುತ್ತದೆ.

ಇನ್ನು ಟೆಸ್ಟ್. ನನ್ನ ಪ್ರಾಜೆಕ್ಟ್‌ನ ಆ ಬಗ್ಗನ್ನೇ ತೆಗೆದುಕೊಳ್ಳಿ. ಸಿಎಸ್‌ವಿ ಫೈಲ್‌ನಲ್ಲಿ ಎರಡು ಉದ್ಧರಣ ಚಿಹ್ನೆಗಳ ನಡುವೆ ಹೊಸ ಸಾಲು ಬಂದರೆ ನನ್ನ ಕೋಡ್ ಅದನ್ನು ಎರಡು ದಾಖಲೆ ಅಂತ ಓದುತ್ತಿತ್ತು. ಇದಕ್ಕೆ ಎರಡು ಸಾಲಿನ ಒಂದು ಪುಟ್ಟ ಫೈಲ್ ಇಟ್ಟು ಟೆಸ್ಟ್ ಬರೆದರೆ ಸಾಕು. ಬರೆದ ಮೇಲೆ ನಿಮ್ಮ ತಿದ್ದುಪಡಿಯನ್ನು ತಾತ್ಕಾಲಿಕವಾಗಿ ತೆಗೆದು ಆ ಟೆಸ್ಟನ್ನು ಓಡಿಸಿ. ಅದು ಫೇಲ್ ಆಗಲೇಬೇಕು. ಆಗದಿದ್ದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ತಿದ್ದುಪಡಿ ಇದ್ದರೂ ಇಲ್ಲದಿದ್ದರೂ ಪಾಸ್ ಆಗುವ ಟೆಸ್ಟ್‌ಗಳು ನನಗೆ ಎಷ್ಟೋ ಬಂದಿವೆ.

ಕಮಿಟ್ ಸಂದೇಶದ ಮೊದಲ ಸಾಲು ಸುಮಾರು 50 ಅಕ್ಷರದೊಳಗೆ ಇರಲಿ. ಒಂದು ಸಾಲು ಖಾಲಿ ಬಿಟ್ಟು ಕೆಳಗೆ ಕಾರಣ ಬರೆಯಿರಿ. 'ಬಗ್ ಸರಿ ಮಾಡಿದೆ' ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಉದ್ಧರಣದೊಳಗಿನ ಹೊಸ ಸಾಲನ್ನು ಒಂದೇ ದಾಖಲೆಯಾಗಿ ಓದು' ಅಂದರೆ ಮೂರು ವರ್ಷದ ನಂತರವೂ ಅರ್ಥವಾಗುತ್ತದೆ. ಆಧಾರ ಇದ್ದರೆ ಕೊಡಿ. ಸಿಎಸ್‌ವಿ ರೂಪವನ್ನು ವಿವರಿಸುವ ಆರ್‌ಎಫ್‌ಸಿ 4180 ಅನ್ನುವ ದಾಖಲೆ 2005ರಲ್ಲಿ ಬಂತು. ಹೊಸ ಸಾಲು ಇರುವ ಫೀಲ್ಡ್ ಉದ್ಧರಣ ಚಿಹ್ನೆಯೊಳಗೆ ಇರಬೇಕು ಅಂತ ಅದರಲ್ಲೇ ಇದೆ. ಇಷ್ಟು ಬರೆದಿದ್ದರೆ ನಾನು ಮರುಮಾತಿಲ್ಲದೆ ಒಪ್ಪುತ್ತಿದ್ದೆ.

ಎಐ ಬರೆದುಕೊಟ್ಟ ಕೋಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಲು ಸಾಲಾಗಿ ನೀವೇ ವಿವರಿಸಲು ಆಗದ ಕೋಡನ್ನು ಕಳಿಸಬೇಡಿ. ಯಾಕೆ ಹೀಗೆ ಬರೆದಿರಿ ಅಂತ ಕೇಳಿದಾಗ ಉತ್ತರವನ್ನೂ ಎಐ ಹತ್ತಿರ ಬರೆಸಿ ಹಾಕಿದರೆ, ಎದುರಿಗಿರುವ ವ್ಯಕ್ತಿ ತನ್ನ ರಾತ್ರಿಯನ್ನು ಯಾರಿಗೆ ಕೊಡುತ್ತಿದ್ದಾರೆ? ಎಣಿಕೆಗಾಗಿ ಕಳಿಸುವುದೂ ಅಷ್ಟೇ ಕೆಟ್ಟದ್ದು. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಓಪನ್ ಸೋರ್ಸ್ ಉತ್ಸವದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಸುಮ್ನೆ ಒಂದೊಂದು ಪದ ಸೇರಿಸಿದ ರಿಕ್ವೆಸ್ಟ್‌ಗಳು ಎಷ್ಟು ಬಂದು ಬಿದ್ದವೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು.

ಕಳಿಸುವ ಬಟನ್ ಒತ್ತುವ ಮೊದಲು ಹತ್ತು ನಿಮಿಷ ಎದ್ದು ಹೋಗಿ. ವಾಪಸ್ ಬಂದು ಡಿಫ್ ಅನ್ನು ಬೇರೆ ಯಾರೋ ಬರೆದದ್ದು ಅನ್ನುವ ಹಾಗೆ ಓದಿ.

6. ಕಾಯಿರಿ

ಎರಡು ವಾರ ಸುಮ್ಮನಿರಿ. ಆಮೇಲೆ ಒಂದು ಸಲ, ಒಂದೇ ಸಲ, ಮೆತ್ತಗೆ ನೆನಪಿಸಿ. ಒತ್ತಡ ಹಾಕಬೇಡಿ ಅನ್ನಲು ಬರೀ ಸೌಜನ್ಯವಷ್ಟೇ ಕಾರಣವಲ್ಲ. ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಅನ್ನುವ ಸಾಫ್ಟ್‌ವೇರನ್ನು ದಣಿದ ಒಬ್ಬರೇ ಮೇಂಟೇನರ್ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತು, ಇನ್ನೊಬ್ಬರಿಗೆ ಜವಾಬ್ದಾರಿ ಕೊಡಿ ಅಂತ ಅಪರಿಚಿತ ಹೆಸರುಗಳಿಂದ ಅವರ ಮೇಲೆ ಒತ್ತಡ ಬಂತು. ಒಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ್ದ ಖಾತೆಯೊಂದು ಆ ಜವಾಬ್ದಾರಿಯಲ್ಲಿ ಪಾಲು ಪಡೆದು, 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಕಳ್ಳದಾರಿ ಸೇರಿಸಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಕೆದಕಿದ್ದರಿಂದ 2024ರ ಮಾರ್ಚ್‌ನಲ್ಲಿ ಅದು ಬೆಳಕಿಗೆ ಬಂತು. ಅಂದಿನಿಂದ ಅವಸರ ಮಾಡುವ ಅಪರಿಚಿತರನ್ನು ಕಂಡರೆ ನಮಗೆ ಭಯ.

ರಿವ್ಯೂ ಬಂದಾಗ ಪ್ರತಿ ಮಾತಿಗೂ ಉತ್ತರ ಕೊಡಿ. ಒಪ್ಪದಿದ್ದರೆ ಕಾರಣ ಹೇಳಿ. ರಿವ್ಯೂ ನಡೆಯುವಾಗ ಹಳೆಯ ಕಮಿಟ್‌ಗಳನ್ನು ಅಳಿಸಿ ತಿದ್ದಬೇಡಿ, ಹೊಸ ಕಮಿಟ್ ಸೇರಿಸುತ್ತಾ ಹೋಗಿ. ಎಲ್ಲ ಮುಗಿದ ಮೇಲೆ ಬೇಕಾದರೆ ಒಂದಾಗಿಸಬಹುದು. ರೀಬೇಸ್ ಮಾಡಿ (ನಿಮ್ಮ ಕಮಿಟ್‌ಗಳನ್ನು ಹೊಸ ಕೋಡಿನ ಮೇಲೆ ಮತ್ತೆ ಜೋಡಿಸಿ) ಮತ್ತೆ ಕಳಿಸುವಾಗ ಬರೀ 'ಫೋರ್ಸ್' ಬಳಸಬೇಡಿ, 'ಫೋರ್ಸ್ ವಿತ್ ಲೀಸ್' ಬಳಸಿ. ನಡುವೆ ಮೇಂಟೇನರ್ ನಿಮ್ಮ ಬ್ರಾಂಚ್‌ಗೆ ಏನಾದರೂ ಸೇರಿಸಿದ್ದರೆ ಅದನ್ನು ಒರೆಸದೆ ಅಲ್ಲೇ ನಿಲ್ಲುತ್ತದೆ.

ಬೇಡ ಅಂದರೆ ನಿಮ್ಮ ಫೋರ್ಕ್ ನಿಮ್ಮದೇ. ಅದನ್ನೇ ಬಳಸಿ.

7. ಮರ್ಜ್ ಆದ ಮೇಲೆ

ಬ್ರಾಂಚ್ ಅಳಿಸಿ. ಆ ಪ್ರಾಜೆಕ್ಟ್‌ನ ಇಶ್ಯೂಗಳ ಮೇಲೆ ಮುಂದಿನ ರಿಲೀಸ್ ಬಂದು ಒಂದು ತಿಂಗಳಾಗುವವರೆಗೆ ಕಣ್ಣಿಡಿ. ನೀವು ಮುಟ್ಟಿದ ಜಾಗದಲ್ಲಿ ತೊಂದರೆ ಅಂತ ಯಾರಾದರೂ ಬರೆದರೆ ಮೇಂಟೇನರ್‌ಗಿಂತ ಮೊದಲು ನೀವೇ ಉತ್ತರಿಸಿ: 'ಇದು ನನ್ನ ಬದಲಾವಣೆ ಇರಬಹುದು, ನೋಡುತ್ತೇನೆ.' ನನ್ನ ಪ್ರಾಜೆಕ್ಟ್‌ನಲ್ಲಿ ಇಷ್ಟು ವರ್ಷದಲ್ಲಿ ಹೀಗೆ ಬರೆದವರು ಇಬ್ಬರು. ಅವರಲ್ಲೊಬ್ಬರಿಗೆ ನಾನು ನೇರವಾಗಿ ಮರ್ಜ್ ಮಾಡುವ ಅನುಮತಿ ಕೊಟ್ಟಿದ್ದೇನೆ. ಇನ್ನೊಬ್ಬರಿಗೂ ಕೊಡುತ್ತೇನೆ ಅಂದೆ, ಸಮಯವಿಲ್ಲ ಅಂದರು. ಈಗಲೂ ಆಗಾಗ ಬಂದು ಇಶ್ಯೂಗಳಿಗೆ ಉತ್ತರ ಬರೆದು ಹೋಗುತ್ತಾರೆ.