ಬೇವಿನ ಎಲೆಯ ಬೆಳ್ಳಿ ನ್ಯಾನೋಕಣ: ಕೊನೆಗೂ ಕೈಗೆ ಬಂತು

"ಬ್ಯಾಕ್ಟೀರಿಯಾ ಸಾಯುತ್ತಿರುವುದು ನಿನ್ನ ಕಣದಿಂದ ಅಲ್ಲ, ಉಳಿದ ಸಿಲ್ವರ್ ನೈಟ್ರೇಟ್‌ನಿಂದ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು (ಸಿಲ್ವರ್ ನೈಟ್ರೇಟ್ ಅಂದರೆ ಕಣ ಮಾಡಲು ಬಳಸುವ ಬೆಳ್ಳಿ ಲವಣ). ಈಗ ಯಾರೂ ಹೇಳುತ್ತಿಲ್ಲ.

ಒಂದು ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್, ಬೇವಿನ ಎಲೆಯ ಕಷಾಯ, ಒಂಬತ್ತಕ್ಕೆ ಒಂದು. ಇದು ಎಲ್ಲರಿಗೂ ಗೊತ್ತು. ಬಣ್ಣ ಕಂದಾಗುತ್ತದೆ, ಅದೂ ಗೊತ್ತು. ಆದರೆ ಶುರುವಿನ ಬ್ಯಾಚುಗಳಲ್ಲಿ ಬೆಳಕು ಹೀರುವ ಪೀಕ್ 450 ನ್ಯಾನೋಮೀಟರಿನ ಆಚೆ ಅಗಲವಾಗಿ ಬಿದ್ದುಕೊಳ್ಳುತ್ತಿತ್ತು, ಎರಡು ದಿನದಲ್ಲಿ ತಳದಲ್ಲಿ ಕಪ್ಪು ಮಡ್ಡಿ. ಪಿಎಚ್ 9ರ ಹತ್ತಿರ ತಂದ ಮೇಲೆ ಪೀಕ್ ಸುಮಾರು 420ಕ್ಕೆ ಬಂದು ಚೂಪಾಯಿತು. ಕ್ಷಾರವನ್ನು ಕಷಾಯಕ್ಕೆ ಮೊದಲೇ ಹಾಕಬೇಕು. ನೈಟ್ರೇಟ್ ಬಿಟ್ಟ ಮೇಲೆ ಹಾಕಿದರೆ ಸಿಲ್ವರ್ ಆಕ್ಸೈಡ್ ಕಂದಾಗಿ ಇಳಿಯುತ್ತದೆ, ಅದನ್ನೇ ಕಣ ಅಂದುಕೊಂಡು ಕುಣಿದವರನ್ನು ನೋಡಿದ್ದೇನೆ. ಎಲೆ ಒಣಗಿಸುವ ಹದ ಮತ್ತು ನೈಟ್ರೇಟ್ ಬಿಡುವ ವೇಗ ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ.

ಹಣ ಹೋಗಿದ್ದು ಬೆಳ್ಳಿಗಲ್ಲ, ಟಿಇಎಂಗೆ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ). ಗಂಟು ಕಟ್ಟಿದ ಸ್ಯಾಂಪಲ್‌ಗೂ ಅದೇ ಶುಲ್ಕ ಅಲ್ವಾ! ಈಗ ಮೊದಲು, ದ್ರಾವಣದಲ್ಲೇ ಬೆಳಕು ಚದುರಿಸಿ ಕಣದ ಗಾತ್ರ ಅಳೆಯುವ ಡಿಎಲ್‌ಎಸ್, ಅದು ಸರಿಯಿದ್ದರೆ ಮಾತ್ರ ಟಿಇಎಂ. ಇನ್ನು ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಬೆಳ್ಳಿಯ 38, 44 ಡಿಗ್ರಿ ಪೀಕುಗಳ ಜೊತೆ 32ರ ಹತ್ತಿರ ಒಂದು ಎದ್ದಿತ್ತು. ಸಿಲ್ವರ್ ಕ್ಲೋರೈಡ್. ಎಲೆಯಲ್ಲೂ ಕ್ಲೋರೈಡ್ ಇರುತ್ತದೆ, ಬರೀ ಡಿಸ್ಟಿಲ್ಡ್ ವಾಟರ್ ಬಳಸಿದರೆ ಸಾಲದು.

ಮಧ್ಯೆ ಸುಮ್ನೆ ಕಿತ್ತಳೆ ಸಿಪ್ಪೆಯಲ್ಲೂ ಮಾಡಿದೆ, ಒಂದು ಫ್ಲಾಸ್ಕ್ ಬಿಸಿಲಿಗೂ ಇಟ್ಟೆ. ಬಿಸಿಲಲ್ಲಿ ಕೆಲವೇ ನಿಮಿಷದಲ್ಲಿ ಬಣ್ಣ ಬಂತು. ಗಾತ್ರ ಮಾತ್ರ ಅಡ್ಡಾದಿಡ್ಡಿ.

ನೈಟ್ರೇಟ್ ವಾದಕ್ಕೆ ಉತ್ತರ ಸಿಕ್ಕಿದ್ದು ತೊಳೆಯುವುದರಲ್ಲಿ. ಸುಮಾರು 15,000 ಆರ್‌ಪಿಎಂನಲ್ಲಿ ತಿರುಗಿಸಿ, ತೊಳೆದು, ಮೇಲೆ ನಿಂತ ಕೊನೆಯ ನೀರನ್ನೇ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಾಕಿದೆ. ಏನೂ ಆಗಲಿಲ್ಲ. ಬರೀ ಕಷಾಯಕ್ಕೂ ಜಗ್ಗಲಿಲ್ಲ. ತಳದ ಕಣ ಮಾತ್ರ ಮಿಲಿಲೀಟರಿಗೆ ಹತ್ತು ಹದಿನೈದು ಮೈಕ್ರೋಗ್ರಾಂನಲ್ಲಿ ಬೆಳವಣಿಗೆ ನಿಲ್ಲಿಸಿತು. ಸ್ಟ್ಯಾಫ್‌ಗೆ (ಅದು ಇನ್ನೊಂದು ಬ್ಯಾಕ್ಟೀರಿಯಾ) ಇನ್ನೂ ಜಾಸ್ತಿ ಬೇಕಾಯಿತು. ಅಗರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಬೆಳವಣಿಗೆ ನಿಂತ ವೃತ್ತ ಅಳೆದು ತೃಪ್ತಿಪಡಬೇಡಿ. ಕಣ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಅದರಿಂದ ಬಿಡುಗಡೆಯಾದ ಬೆಳ್ಳಿ ಅಯಾನು ಸಲೀಸಾಗಿ ಹರಡುತ್ತದೆ. ಬ್ರಾತ್‌ನಲ್ಲೇ (ದ್ರವ ಮಾಧ್ಯಮ) ಮಾಡಿ.

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಕತೆ ಬೇರೆ. ಬದುಕಿರುವ ಕೋಶ ನೇರಳೆ ಮಾಡುವ ಎಂಟಿಟಿ ಬಣ್ಣವನ್ನು ಕಷಾಯದ ಫೀನಾಲಿಕ್‌ಗಳೇ ನೇರಳೆ ಮಾಡಿಬಿಡುತ್ತವೆ, ಸತ್ತ ಕೋಶವೂ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ ಗುಳಿಗಳನ್ನು (ವೆಲ್) ಇಟ್ಟು ನೋಡಿ. ನಾನು ಎಂಟಿಟಿ ಹಾಕುವ ಮೊದಲು ಕೋಶ ತೊಳೆದೆ, ಸತ್ತ ಕೋಶವನ್ನು ಮಾತ್ರ ನೀಲಿ ಮಾಡುವ ಟ್ರಿಪಾನ್ ಬ್ಲೂನಲ್ಲೂ ಎಣಿಸಿದೆ. ಐಸಿ50 (ಅರ್ಧದಷ್ಟು ಕೋಶಗಳನ್ನು ತಡೆಯುವ ಪ್ರಮಾಣ) ಇಪ್ಪತ್ತರ ಆಸುಪಾಸು ಬಂತು. ಮಾಮೂಲಿ ಕೋಶಗಳಿಗೆ ನಲವತ್ತು ಚಿಲ್ಲರೆ. ಈ ಎರಡು ಪಟ್ಟು ಅಂತರ ಇಟ್ಟುಕೊಂಡು ಕ್ಯಾನ್ಸರ್ ಔಷಧಿ ಅಂತ ಬರೆಯಲು ಜೊತೆಯವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಬ್ಯಾಕ್ಟೀರಿಯಾದ ಮಾತಾದರೆ ಯಾರು ಬೇಕಾದರೂ ಬಂದು ನನ್ನ ಪ್ಲೇಟ್ ನೋಡಲಿ.