ಇಲಿ ಕಾಲೆಳೆಯಲಿಲ್ಲ ಅಂದರೆ ನೋವು ಹೋಯ್ತು ಅಂತಲ್ಲ

ನರ ಒತ್ತಿಕೊಂಡು ಬರುವ ನೋವಿಗೆ ಬೆನ್ನುಹುರಿಯ ಹತ್ತಿರವೇ ಇಂಜೆಕ್ಷನ್ ಕೊಟ್ಟರೆ ಎಷ್ಟು ಉಪಯೋಗ ಅಂತ ಇಲಿಗಳಲ್ಲಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಕಾಡುತ್ತದೆ.

ಮೊದಲು ನೋವಿನ ಮಾದರಿ, ಅಂದರೆ ಇಲಿಯಲ್ಲಿ ಅಂಥದ್ದೇ ನೋವು ಹುಟ್ಟಿಸುವುದು. 1988ರಲ್ಲಿ ಬೆನೆಟ್ ಮತ್ತು ಶೀ ಎಂಬ ಸಂಶೋಧಕರು ತೋರಿಸಿಕೊಟ್ಟ ವಿಧಾನವನ್ನೇ ಹಿಡಿದೆ. ಇಲಿಗೆ ಐಸೊಫ್ಲೂರೇನ್ ಕೊಟ್ಟು ಪ್ರಜ್ಞೆ ತಪ್ಪಿಸಿ, ತೊಡೆಯಲ್ಲಿ ಸಯಾಟಿಕ್ ನರವನ್ನು (ಸೊಂಟದಿಂದ ಕಾಲಿಗೆ ಇಳಿಯುವ ದಪ್ಪ ನರ) ಬಿಡಿಸಿಕೊಂಡು, ಕ್ರೋಮಿಕ್ ಗಟ್ ಅನ್ನುವ ಹೊಲಿಗೆ ದಾರದಿಂದ ಸುಮಾರು 1 ಮಿಲಿಮೀಟರ್ ಅಂತರದಲ್ಲಿ ನಾಲ್ಕು ಸಡಿಲ ಗಂಟು ಹಾಕಬೇಕು. ಸಡಿಲ ಅನ್ನುವುದೇ ಇಲ್ಲಿ ಕಷ್ಟ. ಜಾಸ್ತಿ ಬಿಗಿದರೆ ನರವೇ ಸತ್ತು ಪಾದ ಮರಗಟ್ಟುತ್ತದೆ. ನರದ ಮೇಲಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯುತ್ತಲೇ ಇರಬೇಕು, ಆಮೇಲೆ ನರ ಊದಿಕೊಂಡು ತಾನಾಗಿಯೇ ದಾರಕ್ಕೆ ಒತ್ತಿಕೊಳ್ಳುತ್ತದೆ. ಕೈ ಪಳಗಲು ನನಗೆ ತಿಂಗಳುಗಳೇ ಬೇಕಾದವು.

ನೋವು ಅಳೆಯಲು ಇಲಿಯನ್ನು ಜಾಲರಿಯ ಮೇಲೆ ಬಿಟ್ಟು, ಕೆಳಗಿನಿಂದ ವಾನ್ ಫ್ರೇ ಎಳೆಗಳಿಂದ, ಅಂದರೆ ಇಂತಿಷ್ಟೇ ಗ್ರಾಂ ಒತ್ತಡಕ್ಕೆ ಬಾಗುವ ಸಣ್ಣ ಎಳೆಗಳಿಂದ, ಪಾದ ಒತ್ತುತ್ತೇವೆ. ಮೊದಲು 15 ಗ್ರಾಂ ಎಳೆಗೂ ಸುಮ್ನೆ ಇದ್ದ ಇಲಿ, ಗಂಟು ಹಾಕಿ ಒಂದೆರಡು ವಾರ ಕಳೆದ ಮೇಲೆ 4 ಗ್ರಾಂಗೂ ಕಾಲು ಎಳೆದುಕೊಳ್ಳುತ್ತದೆ. ನೋಡುವಾಗ ಸಂಕಟವಾಗುತ್ತದೆ.

ಇಂಜೆಕ್ಷನ್ ಸೊಂಟದ ಐದನೇ ಮತ್ತು ಆರನೇ ಮೂಳೆಯ ನಡುವೆ, 10 ಮೈಕ್ರೊಲೀಟರ್. ಸೂಜಿ ಸರಿಯಾದ ಜಾಗ ಮುಟ್ಟಿದರೆ ಬಾಲ ಥಟ್ಟನೆ ಅದುರುತ್ತದೆ. ಕಲಿಯುವಾಗ ಮರಗಟ್ಟಿಸುವ ಔಷಧ ಲಿಡೊಕೇನ್ ಕೊಟ್ಟು ನೋಡುತ್ತಿದ್ದೆ. ಹಿಂಗಾಲೆರಡೂ ಸ್ವಲ್ಪ ಹೊತ್ತು ಸೋತರೆ ಔಷಧ ಒಳಗೆ ಹೋಗಿದೆ ಅಂತ ಖಾತ್ರಿ.

ಇದೇ ನನ್ನನ್ನು ಎಚ್ಚರಿಸಬೇಕಿತ್ತು. ಪರೀಕ್ಷೆಗೆ ಬಂದಿದ್ದ ಔಷಧ ಕೊಟ್ಟ ಅರ್ಧ ಗಂಟೆಯಲ್ಲಿ ಎಲ್ಲ ಇಲಿಗಳೂ ಮತ್ತೆ 15 ಗ್ರಾಂಗೂ ಅಲ್ಲಾಡಲಿಲ್ಲ. ಎಷ್ಟು ಖುಷಿಯಾಗಿತ್ತು ಅಂದರೆ ಅವತ್ತೇ ಗ್ರಾಫ್ ಬಿಡಿಸಿ ಎಲ್ಲರಿಗೂ ತೋರಿಸಿದೆ. ಜೊತೆಗಿದ್ದವರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಇವು ನಡೆಯುತ್ತಿವೆಯಾ? ರೋಟಾರಾಡ್, ಅಂದರೆ ತಿರುಗುವ ಕೋಲಿನ ಮೇಲೆ ಇಟ್ಟು ನೋಡಿದರೆ ಒಂದೊಂದೇ ಜಾರಿ ಬಿದ್ದವು. ನೋವು ಹೋಗಿರಲಿಲ್ಲ, ಕಾಲೆಳೆದುಕೊಳ್ಳುವ ಶಕ್ತಿ ಹೋಗಿತ್ತು. ಅಷ್ಟು ಜೀವಗಳಿಗೆ ನೋವು ಕೊಟ್ಟು ಕೊನೆಗೆ ಸಿಕ್ಕಿದ್ದು ಅರ್ಥವಿಲ್ಲದ ಅಂಕಿ, ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ರೋಟಾರಾಡ್ ಇಲ್ಲದೆ ಯಾವ ಪ್ರಮಾಣವನ್ನೂ ನಾನು ನಂಬುವುದಿಲ್ಲ. ಸಿರಿಂಜ್ ತುಂಬುವವರು ಬೇರೆ, ಎಳೆ ಒತ್ತುವವರು ಬೇರೆ. ಯಾವುದು ಸಲೈನ್, ಯಾವುದು ಔಷಧ ಅಂತ ಕೊನೆಯವರೆಗೆ ನನಗೆ ಗೊತ್ತಾಗಬಾರದು, ಯಾಕೆಂದರೆ ಇಲಿ ಕಾಲೆತ್ತಿದ್ದು ನೋವಿಗೋ ಸುಮ್ನೆ ಹೆಜ್ಜೆ ಹಾಕಲೋ ಅಂತ ತೀರ್ಮಾನಿಸುವಾಗ ಆಸೆ ನುಸುಳಿಯೇ ನುಸುಳುತ್ತದೆ, ಅಲ್ವಾ? ಒಂದು ಪ್ರಯೋಗ ಮುಗಿಯುವವರೆಗೂ ಅಳೆಯುವ ವ್ಯಕ್ತಿಯನ್ನೂ ಬದಲಿಸುವುದಿಲ್ಲ. ಗಂಡಸರ ವಾಸನೆಗೇ ಇಲಿಗಳು ಒತ್ತಡಕ್ಕೆ ಬಿದ್ದು ನೋವು ಕಡಿಮೆ ತೋರಿಸುತ್ತವೆ ಅಂತ 2014ರಲ್ಲಿ ಒಂದು ಅಧ್ಯಯನ ಬಂದಿತ್ತು.

ಆ ಔಷಧದ ಪ್ರಮಾಣವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಮತ್ತೆ ನೋಡಿದೆ. ಇಲಿಗಳು ಕೋಲಿನ ಮೇಲೆ ಚೆನ್ನಾಗಿಯೇ ನಡೆದವು. ಜಾಲರಿಯ ಮೇಲೆ ಬಿಟ್ಟಾಗ ಮಾತ್ರ 4 ಗ್ರಾಂಗೇ ಕಾಲು ಎಳೆದುಕೊಂಡವು.